ತಿಮ್ಮಯ್ಯನವರು ರಾಜೀನಾಮೆ ವಾಪಸ್ ತೆಗೆದುಕೊಂಡಿದ್ದು ಸರಿನಾ? ಆದೇಶ ತಪ್ಪು ಅಂತ ಗೊತ್ತಿದ್ದರೂ ಪಾಲಿಸಬೇಕಾ?

ಮಡಿಕೇರಿ_ಮಂಜು

ಮನೆಯಲ್ಲಿ ಶುರುವಾದ ಜಗಳ ಇನ್ನೂ ಮುಗಿದಿಲ್ಲ, ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ. ನೆಂಟರು ಬಂದಿದ್ದರು ಅಂತ ಸನ್ನಿಸೈಡ್ ಮ್ಯೂಸಿಯಂ, ಅಂದರೆ ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ ಮನೆ ತೋರಿಸಿಕೊಂಡು ಬಂದೆ. ವಾಪಸ್ ಬರುವಾಗ ಕಾರಿನಲ್ಲೇ ಚಿಕ್ಕಪ್ಪ ಶುರು ಹಚ್ಚಿಕೊಂಡರು.

ವಿಷಯ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 1959ರಲ್ಲಿ ತಿಮ್ಮಯ್ಯ ಸೇನಾ ಮುಖ್ಯಸ್ಥರು, ಕೃಷ್ಣ ಮೆನನ್ ರಕ್ಷಣಾ ಮಂತ್ರಿ. ಇಬ್ಬರಿಗೂ ಆಗಿಬರುತ್ತಿರಲಿಲ್ಲ. ಮೇಲಿನ ಹುದ್ದೆಗಳ ಬಡ್ತಿಯಲ್ಲಿ ಮಂತ್ರಿ ಕೈ ಹಾಕುತ್ತಾರೆ ಅನ್ನೋದು ದೊಡ್ಡ ದೂರು. ಆಗಸ್ಟ್ 31ಕ್ಕೆ ತಿಮ್ಮಯ್ಯ ರಾಜೀನಾಮೆ ಕೊಟ್ಟರು. ನೆಹರೂ ಕರೆಸಿ ಸಮಾಧಾನ ಮಾಡಿದರು, ಇವರು ವಾಪಸ್ ತೆಗೆದುಕೊಂಡರು. ಅಷ್ಟರಲ್ಲಿ ಸುದ್ದಿ ಪೇಪರಿಗೆ ಬಂದುಬಿಟ್ಟಿತ್ತು. ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ನೆಹರೂ, ಸೈನ್ಯಕ್ಕಿಂತ ಚುನಾಯಿತ ಸರ್ಕಾರವೇ ಮೇಲು, ರಾಜೀನಾಮೆಗೆ ಕೊಟ್ಟ ಕಾರಣಗಳೆಲ್ಲ ಕ್ಷುಲ್ಲಕ ಅಂತ ಹೇಳಿಬಿಟ್ಟರು. ಮಾತು ಕೇಳಿ ಸುಮ್ಮನಾದವರಿಗೆ ಸಿಕ್ಕಿದ್ದು ಇದು.

ಚಿಕ್ಕಪ್ಪನ ವಾದ: ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳಬಾರದಿತ್ತು. ಅವರು ಗಟ್ಟಿಯಾಗಿ ನಿಂತಿದ್ದರೆ ಮೆನನ್ ಅವತ್ತೇ ಹೋಗುತ್ತಿದ್ದರು, 1962ರ ಚೀನಾ ಯುದ್ಧದ ಸೋಲು ಆಗುತ್ತಿರಲಿಲ್ಲ. ನನ್ನ ವಾದ: ಹಿಂದಿನ ವರ್ಷವೇ, 1958ರ ಅಕ್ಟೋಬರ್‌ನಲ್ಲಿ, ಪಕ್ಕದ ಪಾಕಿಸ್ತಾನದಲ್ಲಿ ಸೇನಾ ಮುಖ್ಯಸ್ಥ ಅಯೂಬ್ ಖಾನ್ ಕುರ್ಚಿ ಹಿಡಿದಿದ್ದ. ಅಂಥ ಹೊತ್ತಿನಲ್ಲಿ ನಮ್ಮ ಸೇನಾ ಮುಖ್ಯಸ್ಥರು ಮಂತ್ರಿಯನ್ನೇ ಕೆಳಗಿಳಿಸಿದರು ಅಂತ ಆಗಿದ್ದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತಿತ್ತು?

ನೀವೇನಂತೀರಿ? ಇದು ಬರೀ ತಿಮ್ಮಯ್ಯನವರ ಪ್ರಶ್ನೆ ಅಲ್ಲ. ಮೇಲಿನವರು ಹೇಳಿದ್ದು ತಪ್ಪು ಅಂತ ಗೊತ್ತಿದ್ದಾಗ ಮಾಡೋದೇನು?

ಕೊಡೆ_ಮರೆತವ

ಚಿಕ್ಕಪ್ಪ ಹೇಳಿದ್ದೇ ಸರಿ. ವಾಪಸ್ ತೆಗೆದುಕೊಳ್ಳೋ ಹಾಗಿದ್ದರೆ ಕೊಡಲೇಬಾರದಿತ್ತು.

ಹಳೇಪೇಪರ್

ಅಷ್ಟು ಸುಲಭ ಇಲ್ಲ ಸ್ವಾಮಿ. ತಿಮ್ಮಯ್ಯ ಹೋಗಿದ್ದರೆ ಮೆನನ್ ಹೋಗುತ್ತಿದ್ದರು ಅಂತ ಯಾವ ಆಧಾರದ ಮೇಲೆ ಹೇಳುತ್ತೀರಿ? ನೆಹರೂಗೆ ಮೆನನ್ ಮೇಲೆ ಇದ್ದ ನಂಬಿಕೆ ನೋಡಿದರೆ, ಜನರಲ್ ಹೋಗುತ್ತಿದ್ದರು, ಮೆನನ್ ಅಲ್ಲೇ ಇರುತ್ತಿದ್ದರು. ಮೆನನ್‌ರನ್ನು ಕೊನೆಗೆ ಕಳಿಸೋಕೆ ಚೀನಾ ಯುದ್ಧವೇ ಬೇಕಾಯಿತು.

ಆದರೆ ವಾಪಸ್ ತೆಗೆದುಕೊಂಡಿದ್ದರಿಂದ ಒಂದು ಮಾತ್ರ ಆಯಿತು, ತಿಮ್ಮಯ್ಯನವರ ಮಾತಿಗೆ ತೂಕ ಹೋಯಿತು. 1961ರ ಮೇನಲ್ಲಿ ನಿವೃತ್ತಿಯಾಗುವಾಗ ತಮ್ಮ ನಂತರ ಜನರಲ್ ಥೋರಟ್ ಮುಖ್ಯಸ್ಥರಾಗಲಿ ಅಂತ ಅವರಿಗಿತ್ತು. ಬಂದವರು ಜನರಲ್ ಥಾಪರ್. ಥೋರಟ್ 1960ರಲ್ಲೇ ಲಖನೌದಲ್ಲಿ 'ಲಾಲ್ ಕಿಲಾ' ಅನ್ನೋ ಯುದ್ಧಾಭ್ಯಾಸ ನಡೆಸಿ, ಚೀನಾ ಬಂದರೆ ಈಶಾನ್ಯದಲ್ಲಿ ಎಲ್ಲಿ ನಿಂತು ಎದುರಿಸಬೇಕು ಅಂತ ಲೆಕ್ಕ ಹಾಕಿ ತೋರಿಸಿದ್ದರು. ಗಡಿಗೆ ಅಂಟಿಕೊಂಡು ಕೂರಬೇಡಿ, ನಮಗೆ ರಸ್ತೆ ಇರೋ ಕಡೆ ನಿಲ್ಲಿ ಅನ್ನೋದೇ ಅದರ ಸಾರ. ಆ ಕಡತ ಕಪಾಟಿನಲ್ಲೇ ಉಳಿಯಿತು.

ಸುಬೇದಾರ್_ನಿವೃತ್ತ

ನಾನು ಇತಿಹಾಸ ಓದಿದವನಲ್ಲ. ಪಲ್ಟನ್‌ನಲ್ಲಿ ಇದ್ದವನು, ಈಗ ಹಾಸನದ ಕಡೆ ತೋಟ ನೋಡಿಕೊಂಡಿದ್ದೇನೆ. ಹೊರಗಿನ ಜನಕ್ಕೆ ಒಂದು ತಪ್ಪು ಕಲ್ಪನೆ ಇದೆ. ಸೈನ್ಯದಲ್ಲಿ ಬಾಯಿ ಮುಚ್ಚಿಕೊಂಡು ಹೇಳಿದ್ದು ಮಾಡೋದೊಂದೇ ಅಂತ. ಹಾಗಲ್ಲ.

ಯಾವ ಕೆಲಸಕ್ಕೆ ಹೊರಡುವ ಮೊದಲೂ ಸ್ಯಾಂಡ್ ಮಾಡೆಲ್ ಮಾಡಿ, ಅಂದರೆ ನೆಲದ ಮೇಲೆ ಮಣ್ಣಲ್ಲಿ ಗುಡ್ಡ, ನಾಲಾ, ದಾರಿ ಎಲ್ಲ ಮಾಡಿ, ಸಾಹೇಬರು ಕೋಲು ಹಿಡಿದು ವಿವರಿಸುತ್ತಾರೆ. ಎಲ್ಲ ಮುಗಿದ ಮೇಲೆ ಒಂದು ಮಾತು ಕೇಳುತ್ತಾರೆ: "ಕೋಯಿ ಶಕ್?" ಅನುಮಾನ ಇದ್ದರೆ ಬಾಯಿ ಬಿಡಬೇಕಾದ್ದು ಆಗಲೇ.

ಕಾಶ್ಮೀರದ ಕಡೆ ಒಂದು ಸಲ ಹೊಸದಾಗಿ ಬಂದ ಕ್ಯಾಪ್ಟನ್ ಸಾಬ್ ಪೆಟ್ರೋಲಿಂಗ್ ದಾರಿ ತೋರಿಸಿದರು. ಬೆಳಿಗ್ಗೆ ಹತ್ತರ ಹೊತ್ತಿಗೆ ಒಂದು ನಾಲಾ ದಾಟಬೇಕು. ಮೇಲೆ ಪೂರ್ತಿ ಹಿಮ. ಬಿಸಿಲು ಬಿದ್ದ ಮೇಲೆ ಅಲ್ಲಿ ಕಾಲಿಡಬಾರದು, ಮೇಲಿಂದ ಜಾರಿ ಬರುತ್ತದೆ. ಅವರು "ಕೋಯಿ ಶಕ್?" ಅಂದಾಗ ನಾನು ಎದ್ದು, "ಸಾಬ್, ನಾಲಾ ಬೆಳಕು ಹರಿಯೋ ಮೊದಲೇ ದಾಟೋಣ, ಆಗ ಹಿಮ ಗಟ್ಟಿ ಇರುತ್ತೆ" ಅಂದೆ. ಅವರ ಮುಖ ಸ್ವಲ್ಪ ಕೆಂಪಾಯಿತು. ಹುಡುಗರೆಲ್ಲ ನೋಡುತ್ತಿದ್ದಾರೆ ನೋಡಿ. ಮ್ಯಾಪ್ ಕಡೆ ನೋಡಿದರು, ವಾಚ್ ನೋಡಿದರು, "ಸರಿ, ರಾತ್ರಿ ಎರಡಕ್ಕೆ ಹೊರಡೋಣ" ಅಂದರು. ಹುಕುಂ ಅದೇ, ಟೈಮ್ ಬದಲಾಯಿತು ಅಷ್ಟೇ.

ಒಂದು ವೇಳೆ ಅವರು "ಇಲ್ಲ, ಹತ್ತಕ್ಕೇ" ಅಂದಿದ್ದರೆ? ಹೋಗುತ್ತಿದ್ದೆ. ನಡುದಾರಿಯಲ್ಲಿ ನಿಂತು ವಾದ ಮಾಡಿದರೆ ಎಲ್ಲರೂ ಸಾಯುತ್ತಾರೆ.

ವಕೀಲಮ್ಮ

ಸುಬೇದಾರ್ ಸರ್, ತುಂಬಾ ಚೆನ್ನಾಗಿ ಹೇಳಿದಿರಿ. ಕಾನೂನಿನ ಕಡೆಯಿಂದ ಒಂದು ವಿಷಯ ಸೇರಿಸುತ್ತೇನೆ. 1950ರ ಸೇನಾ ಕಾಯ್ದೆಯ 41ನೇ ಸೆಕ್ಷನ್ ಮೇಲಧಿಕಾರಿಯ ಆದೇಶ ಮೀರಿದರೆ ಶಿಕ್ಷೆ ಅನ್ನುತ್ತದೆ, ಉದ್ಧಟತನದಿಂದ ಎದುರು ನಿಂತರೆ 14 ವರ್ಷದವರೆಗೂ ಜೈಲು. ಆದರೆ ಅದು ಹೇಳೋದು "ಕಾನೂನುಬದ್ಧ ಆದೇಶ" ಅಂತ. ಕಾನೂನುಬಾಹಿರ ಆದೇಶ ಮೀರಿದರೆ ಆ ಸೆಕ್ಷನ್ ಬರಲ್ಲ.

ಹಳೇ ಐಪಿಸಿ 76, ಈಗಿನ ನ್ಯಾಯ ಸಂಹಿತೆಯ 14ನೇ ಸೆಕ್ಷನ್, ಅದರಲ್ಲಿ ಒಂದು ಉದಾಹರಣೆಯೇ ಇದೆ. ಕಾನೂನಿಗೆ ಅನುಸಾರವಾಗಿ ಮೇಲಧಿಕಾರಿ ಹೇಳಿದ್ದಕ್ಕೆ ಸೈನಿಕ ಗುಂಪಿನ ಮೇಲೆ ಗುಂಡು ಹಾರಿಸಿದರೆ ಅವನದು ಅಪರಾಧ ಅಲ್ಲ. ಇಲ್ಲೂ "ಕಾನೂನಿಗೆ ಅನುಸಾರವಾಗಿ" ಅನ್ನೋದು ಮುಖ್ಯ.

ಗಲಭೆ ಹತ್ತಿಕ್ಕೋಕೆ ಮ್ಯಾಜಿಸ್ಟ್ರೇಟ್ ಸೈನ್ಯ ಕರೆಸಿದರೆ ಅಧಿಕಾರಿ ಮಾತು ಕೇಳಲೇಬೇಕು. ಆದರೆ ಹೇಗೆ ಚದುರಿಸಬೇಕು ಅನ್ನೋದು ಆ ಅಧಿಕಾರಿಗೇ ಬಿಟ್ಟಿದ್ದು, ಎಷ್ಟು ಕಡಿಮೆ ಬಲ ಬಳಸೋಕೆ ಸಾಧ್ಯವೋ ಅಷ್ಟೇ ಬಳಸಬೇಕು. ಹಳೇ ಸಿಆರ್‌ಪಿಸಿ 130, ಈಗ ನಾಗರಿಕ ಸುರಕ್ಷಾ ಸಂಹಿತೆ 149. ಜಲಿಯನ್‌ವಾಲಾ ಬಾಗ್‌ನಲ್ಲಿ ಡಯರ್ 1,650 ಸುತ್ತು ಗುಂಡು ಹಾರಿಸಿದ್ದು ಚದುರಿಸೋಕೆ ಅಲ್ಲ, ಪಾಠ ಕಲಿಸೋಕೆ ಅಂತ ವಿಚಾರಣೆಯಲ್ಲಿ ಅವನೇ ಒಪ್ಪಿಕೊಂಡ.

ಬಾಳೆಕಾಯಿ_ಬಜ್ಜಿ

ಮೇಡಂ, ಪೇಪರ್ ಮೇಲೆ ಎಲ್ಲ ಚೆಂದ. ಹತ್ತೊಂಬತ್ತು ವರ್ಷದ ಹುಡುಗ ಬಂದೂಕು ಹಿಡಿದು ನಿಂತಿರುತ್ತಾನೆ, ಪಕ್ಕದಲ್ಲಿ ಸಾಹೇಬ "ಫೈರ್" ಅನ್ನುತ್ತಾನೆ. ಇದು ಕಾನೂನುಬದ್ಧವೋ ಅಲ್ಲವೋ ಅಂತ ಅವನು ನಿಮಗೆ ಫೋನ್ ಮಾಡಿ ಕೇಳಬೇಕಾ? ಡಯರ್ ಹೆಸರು ಎಲ್ಲರಿಗೂ ಗೊತ್ತು. ಟ್ರಿಗರ್ ಎಳೆದವರು ಗೂರ್ಖಾ, ಬಲೂಚಿ ಸಿಪಾಯಿಗಳು, ಅವರಲ್ಲಿ ಒಬ್ಬರ ಹೆಸರಾದರೂ ಯಾರಿಗಾದರೂ ಗೊತ್ತಾ?

ವಕೀಲಮ್ಮ

ಫೋನ್ ಮಾಡಬೇಕಾಗಿಲ್ಲ. ನೋಡಿದ ಕೂಡಲೇ ಅಪರಾಧ ಅಂತ ಗೊತ್ತಾಗುವ ಆದೇಶಗಳು ಇರುತ್ತವೆ. ಕೈ ಕಟ್ಟಿ ಕೂರಿಸಿದವನನ್ನು ಕೊಲ್ಲು ಅಂದರೆ ಅದಕ್ಕೆ ಎಲ್‌ಎಲ್‌ಬಿ ಬೇಡ. 2011ರಲ್ಲಿ ಒಂದು ನಕಲಿ ಎನ್‌ಕೌಂಟರ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಪೊಲೀಸರಿಗೆ ಇದನ್ನೇ ಹೇಳಿತು. ಮೇಲಿನವರು ಹೇಳಿದರು ಅನ್ನೋದು ರಕ್ಷಣೆ ಆಗಲ್ಲ, ನ್ಯೂರೆಂಬರ್ಗ್‌ನಲ್ಲಿ ನಾಜಿಗಳೂ ಅದನ್ನೇ ಹೇಳಿದ್ದರು, ಗಲ್ಲು ತಪ್ಪಲಿಲ್ಲ ಅಂತ.

ಹಳೇಪೇಪರ್

ಹೆಸರು ಕೇಳಿದಿರಲ್ಲ ಬಜ್ಜಿಯವರೇ, ಗುಂಡು ಹಾರಿಸದೇ ಇದ್ದವರ ಹೆಸರು ಉಳಿದಿದೆ. ಚಂದ್ರಸಿಂಗ್ ಗಢವಾಲಿ. 1930ರ ಏಪ್ರಿಲ್ 23, ಪೇಶಾವರದ ಕಿಸ್ಸಾ ಖ್ವಾನಿ ಬಜಾರ್. ಖಾನ್ ಅಬ್ದುಲ್ ಗಫಾರ್ ಖಾನ್ ಬಂಧನಕ್ಕೆ ಜನ ಬೀದಿಗೆ ಬಂದಿದ್ದರು. ರಾಯಲ್ ಗಢವಾಲ್ ರೈಫಲ್ಸ್‌ನ ತುಕಡಿಗೆ ಗುಂಡು ಹಾರಿಸಿ ಅಂದಾಗ ಇವರು ತಮ್ಮ ಹುಡುಗರಿಗೆ ಬೇಡ ಅಂದರು. ಎದುರಿಗೆ ಇದ್ದವರು ಪಠಾಣರು, ಇವರು ಬೆಟ್ಟದ ಹಿಂದೂಗಳು. ಹಿಂದೂ ಸಿಪಾಯಿಗಳು ಮುಸ್ಲಿಮರ ಮೇಲೆ ಹಾರಿಸಲು ಹಿಂಜರಿಯಲ್ಲ ಅಂತ ಬ್ರಿಟಿಷರು ಹಾಕಿದ್ದ ಲೆಕ್ಕ ತಲೆಕೆಳಗಾಯಿತು. ಕೋರ್ಟ್ ಮಾರ್ಷಲ್ ಆಗಿ ಜೀವಾವಧಿ ಶಿಕ್ಷೆ, 1941ರಲ್ಲಿ ಬಿಡುಗಡೆ.

ಈಗ ಇದನ್ನು ಕೇಳಿ. ದುಂಡು ಮೇಜಿನ ಪರಿಷತ್ತಿನ ಕಾಲದಲ್ಲಿ ಫ್ರೆಂಚ್ ಪತ್ರಕರ್ತರೊಬ್ಬರು ಗಾಂಧೀಜಿಯನ್ನು ಕೇಳಿದರು, ನೀವು ಈ ಗಢವಾಲಿಗಳನ್ನು ಯಾಕೆ ಬೆಂಬಲಿಸಲ್ಲ ಅಂತ. ಗಾಂಧೀಜಿ ಕೊಟ್ಟ ಉತ್ತರದ ಸಾರ ಹೀಗೆ: ಗುಂಡು ಹಾರಿಸು ಅಂದಾಗ ಹಾರಿಸದ ಸಿಪಾಯಿ ತಾನು ಮಾಡಿದ ಪ್ರಮಾಣ ಮುರಿಯುತ್ತಾನೆ. ನಾಳೆ ಅಧಿಕಾರ ನಮ್ಮ ಕೈಗೆ ಬಂದಾಗ ನನಗೂ ಇದೇ ಸಿಪಾಯಿಗಳು ಬೇಕಾಗಬಹುದು. ಇವತ್ತು ಆಜ್ಞೆ ಮೀರೋದು ಕಲಿಸಿದರೆ ನಾಳೆ ನನ್ನ ಆಜ್ಞೆಯನ್ನೂ ಮೀರುತ್ತಾರೆ.

ಕೊಡೆ_ಮರೆತವ

ಏನು? ಅಸಹಕಾರ ಕಲಿಸಿದ ಮನುಷ್ಯ ಹಾಗೆ ಹೇಳಿದ್ರಾ? ನಂಬೋಕೆ ಆಗ್ತಿಲ್ಲ.

ತುಂಗೆಯ_ತೀರ

ಹೇಳಿದ್ದಾರೆ. ಆಗಿನ ಎಡಪಂಥೀಯರು ಇದನ್ನು ಹಿಡಿದುಕೊಂಡು ಗಾಂಧೀಜಿಗೆ ಸರಿಯಾಗಿ ಬೈದರು. ನನಗಂತೂ ಅವರು ಹೇಳಿದ್ದರಲ್ಲಿ ತಪ್ಪು ಕಾಣಲ್ಲ. ಗಾಂಧೀಜಿಯ ದಾರಿ ಏನು? ಕೆಲಸ ಬಿಡು, ಸಮವಸ್ತ್ರ ಕಳಚಿ ಇಟ್ಟು ಬಾ, ಆಮೇಲೆ ಜೈಲಿಗೆ ಹೋಗು. ಸಂಬಳ ತೆಗೆದುಕೊಂಡು ಬಂದೂಕು ಹಿಡಿದುಕೊಂಡು ನಿನಗೆ ಬೇಕಾದಾಗ ಮಾತ್ರ ಹಾರಿಸ್ತೀನಿ ಅನ್ನೋದು ಬೇರೆ.

ಬಾಳೆಕಾಯಿ_ಬಜ್ಜಿ

"ಬಂದೂಕು ಹಿಡಿದುಕೊಂಡು ನಿನಗೆ ಬೇಕಾದಾಗ ಮಾತ್ರ" ಅಂತೀರಲ್ಲ, ಅವತ್ತು ಪೇಶಾವರದಲ್ಲಿ ಗಢವಾಲಿ ಮೊದಲು ಹೋಗಿ ರಾಜೀನಾಮೆ ಪತ್ರ ಬರೆದು, ಅದು ಮಂಜೂರಾಗೋವರೆಗೆ ಕಾದು, ಆಮೇಲೆ ಬೇಡ ಅನ್ನಬೇಕಿತ್ತಾ? ಎದುರಿಗೆ ಜನ ನಿಂತಿದ್ದಾರೆ ಮಾರಾಯ್ರೇ! ಆ ಕ್ಷಣಕ್ಕೆ ಇರೋದು ಎರಡೇ ದಾರಿ.

ಗಾಂಧೀಜಿ ದೊಡ್ಡವರು, ಸರಿ. ಆದರೆ ಈ ವಿಷಯದಲ್ಲಿ ಅವರು ಮಾತಾಡಿದ್ದು ಮುಂದೆ ಸರ್ಕಾರ ನಡೆಸೋ ಮನುಷ್ಯನ ಹಾಗೆ.

ಸುಬೇದಾರ್_ನಿವೃತ್ತ

ಎರಡೂ ಕಡೆ ಸತ್ಯ ಇದೆ. ಗಢವಾಲಿಯವರು ಮಾಡಿದ್ದನ್ನು ನಾನು ಮಾಡುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ, ಆದರೆ ಒಂದು ಗೌರವದ ಮಾತು. ಅವರು ಓಡಿ ಹೋಗಲಿಲ್ಲ. ಬೇಡ ಅಂದು ಅಲ್ಲೇ ನಿಂತರು, ಶಿಕ್ಷೆ ತೆಗೆದುಕೊಂಡರು.

ಗಾಂಧಿಬಜಾರ್_ಅಜ್ಜ

ಇಲ್ಲಿ ಯಾರೂ ಎಮರ್ಜೆನ್ಸಿ ಎತ್ತಲಿಲ್ಲವಲ್ಲ? ನನಗಾಗ ಇಪ್ಪತ್ತೆರಡು. 1975ರ ಜೂನ್ 25ರ ಸಂಜೆ ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ಜೆಪಿ, ಅಂದರೆ ಜಯಪ್ರಕಾಶ್ ನಾರಾಯಣ್, ಪೊಲೀಸರಿಗೆ, ಸೈನಿಕರಿಗೆ ಕಾನೂನುಬಾಹಿರ ಆದೇಶ ಪಾಲಿಸಬೇಡಿ ಅಂದರು. ಅವತ್ತು ರಾತ್ರಿಯೇ ಎಮರ್ಜೆನ್ಸಿ. ಮಾರನೇ ಬೆಳಿಗ್ಗೆ ರೇಡಿಯೋದಲ್ಲಿ ಇಂದಿರಾ ಗಾಂಧಿ ಕೊಟ್ಟ ಕಾರಣಗಳಲ್ಲಿ ಇದೂ ಒಂದು, ಸೈನ್ಯವನ್ನು ದಂಗೆಗೆ ಎಬ್ಬಿಸುತ್ತಿದ್ದಾರೆ ಅಂತ. ಅಂದರೆ ಗಾಂಧೀಜಿ ಹೇಳೋಕೆ ಹಿಂಜರಿದಿದ್ದನ್ನು ಅವರ ಶಿಷ್ಯ ಮೈದಾನದಲ್ಲಿ ನಿಂತು ಹೇಳಿದರು.

ಆಮೇಲೆ ಏನಾಯಿತು? ಯಾರಾದರೂ ಅಧಿಕಾರಿ ಬೇಡ ಅಂದ್ರಾ? ಹುಡುಕಿದರೂ ಸಿಗಲ್ಲ. ಮೊದಲು ಹಿಡಿದು ಒಳಗೆ ಹಾಕಿ, ಬಂಧನಕ್ಕೆ ಕಾರಣ ಆಮೇಲೆ ಬರೆದು ಹಿಂದಿನ ತಾರೀಕು ಹಾಕಿದ ಪ್ರಕರಣಗಳೆಲ್ಲ ಎಮರ್ಜೆನ್ಸಿ ಬಗ್ಗೆ ಆಮೇಲೆ ತನಿಖೆ ಮಾಡಿದ ಷಾ ಆಯೋಗದ ವರದಿಯಲ್ಲಿ ಬಂದವು. ಸಹಿ ಮಾಡಿದವರೆಲ್ಲ ಓದಿದವರು, ದೊಡ್ಡ ಪರೀಕ್ಷೆ ಪಾಸು ಮಾಡಿದವರು. ಕೇಳಿದರೆ ಎಲ್ಲರದೂ ಒಂದೇ ಉತ್ತರ, ಮೇಲಿಂದ ಹೇಳಿದ್ದರು.

ನಮ್ಮ ಬೆಂಗಳೂರು ಸೆಂಟ್ರಲ್ ಜೈಲಿನಲ್ಲೇ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇದ್ದರು. ಅವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನಟಿ ಸ್ನೇಹಲತಾ ರೆಡ್ಡಿ ಕೂಡ ಅದೇ ಜೈಲಿನಲ್ಲಿದ್ದರು, ಆಸ್ತಮಾ ಇತ್ತು. ಹೊರಗೆ ಬಂದ ಕೆಲವೇ ದಿನಕ್ಕೆ, 1977ರ ಜನವರಿಯಲ್ಲಿ ಹೋಗಿಬಿಟ್ಟರು. ಆ ಜೈಲಿನಲ್ಲಿ ಕೆಟ್ಟ ಮನುಷ್ಯರೇ ತುಂಬಿದ್ದರು ಅಂತ ನನಗೆ ಅನ್ನಿಸಲ್ಲ. ಪ್ರತಿಯೊಬ್ಬನೂ ತನಗೆ ಹೇಳಿದಷ್ಟು ಮಾಡಿದ. ಬೀಗ ಹಾಕುವವನು ಬೀಗ ಹಾಕಿದ, ರಿಜಿಸ್ಟರ್ ಬರೆಯುವವನು ಬರೆದ.

ಎಫ್‌ಡಿಎ_ಅನಾಮಿಕ

ಅಜ್ಜ ಹೇಳಿದ್ದು ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು, ಯಾಕಂದ್ರೆ ನಾನೂ ರಿಜಿಸ್ಟರ್ ಬರೆಯುವವನೇ. ಯಾವ ಇಲಾಖೆ, ಯಾವ ತಾಲೂಕು ಅಂತ ಕೇಳಬೇಡಿ.

ನಮ್ಮಲ್ಲಿ ತಪ್ಪು ಕೆಲಸದ ಆದೇಶ ಯಾವತ್ತೂ ಬರವಣಿಗೆಯಲ್ಲಿ ಬರಲ್ಲ. ಚೇಂಬರ್‌ಗೆ ಕರೆಯುತ್ತಾರೆ, ಕೂತ್ಕೊಳ್ಳಿ ಅನ್ನುತ್ತಾರೆ (ಅಲ್ಲೇ ಅನುಮಾನ ಬರಬೇಕು), "ಆ ಸರ್ವೆ ನಂಬರಿಂದು ಸ್ವಲ್ಪ ಬೇಗ ಮೂವ್ ಮಾಡ್ರಿ" ಅನ್ನುತ್ತಾರೆ. ಅಷ್ಟೇ. ಏನು ಮಾಡಬೇಕು ಅಂತ ನಮಗೆ ಅರ್ಥ ಆಗುತ್ತದೆ.

ನಮಗೆ ಕೆಲಸ ಕಲಿಸಿದ ಹಿರಿಯ ಸೂಪರಿಂಟೆಂಡೆಂಟ್ ಒಬ್ಬರು ಒಂದು ಉಪಾಯ ಹೇಳಿಕೊಟ್ಟಿದ್ದರು. ಟಿಪ್ಪಣಿ ಹಾಳೆಯಲ್ಲಿ ಮೊದಲ ಸಾಲೇ "ಮಾನ್ಯರ ಮೌಖಿಕ ಸೂಚನೆಯಂತೆ ಕಡತ ಮಂಡಿಸಿದೆ" ಅಂತ ಬರೆದು ಕಳಿಸು. ಕೆಳಗೆ ನಿಯಮ ಏನು ಹೇಳುತ್ತದೆ ಅಂತ ಎರಡು ಸಾಲು. ನಿನ್ನ ಅಭಿಪ್ರಾಯ ಬೇಡ, ಜಗಳ ಬೇಡ. ನಾನೂ ಹಾಗೇ ಮಾಡಿದೆ. ಕಡತ ಮೇಲೆ ಹೋಯಿತು, ವಾಪಸ್ ಬಂತು, ಹಸಿರು ಇಂಕಿನಲ್ಲಿ ಒಂದೇ ಪದ: "ಚರ್ಚಿಸಿ". ಹೋದೆ. "ಏನ್ರೀ ಇದು, ಮೌಖಿಕ ಗೀಖಿಕ ಅಂತೆಲ್ಲ?" ಅಂದರು. ನಾನು "ಸರ್, ಆಡಿಟ್ ಬರುತ್ತೆ ಅಂತ..." ಅಂದೆ. ಆ ಹಾಳೆ ತೆಗೆದು ಬೇರೆ ಬರೆದುಕೊಂಡು ಬನ್ನಿ ಅಂದರು. ನಾನು ಬರೆಯಲಿಲ್ಲ. ಕಡತ ನನ್ನ ಟೇಬಲಿನಲ್ಲೇ ಇತ್ತು. ಮುಂದಿನ ವರ್ಗಾವಣೆ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಕೆಲಸ ಬೇರೆಯವರ ಕೈಯಲ್ಲಿ ಆಯಿತು ಅಂತ ಆಮೇಲೆ ಗೊತ್ತಾಯಿತು.

ವಕೀಲಮ್ಮ

ನೀವು ಮಾಡಿದ್ದು ಸರಿ ಅಂತ ಸುಪ್ರೀಂ ಕೋರ್ಟೇ ಹೇಳಿದೆ. 2013ರ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣ. ಬಾಯಿ ಮಾತಿನ ಆದೇಶದ ಮೇಲೆ ಅಧಿಕಾರಿಗಳು ಕೆಲಸ ಮಾಡಬಾರದು, ತುರ್ತಿದ್ದರೆ ಆಮೇಲಾದರೂ ಬರವಣಿಗೆಯಲ್ಲಿ ದಾಖಲಾಗಬೇಕು. ಐಎಎಸ್‌ನವರ 1968ರ ನಡತೆ ನಿಯಮಗಳಲ್ಲೂ ಇದು ಇದೆ. ಬರೆದು ಕೊಡಿ ಅನ್ನೋ ಒಂದು ಮಾತಿಗೆ ಅರ್ಧ ತಪ್ಪು ಆದೇಶಗಳು ಅಲ್ಲೇ ಸಾಯುತ್ತವೆ.

ಹಳೇಪೇಪರ್

ಮೇಡಂ, ಇಲ್ಲಿ ನಾನು ಸ್ವಲ್ಪ ಅಡ್ಡ ಬರುತ್ತೇನೆ. ಬರೆದು ಕೊಡಿ ಅಂತ ಕೇಳಿದ ಸೇನಾ ಮುಖ್ಯಸ್ಥರೂ ನಮ್ಮಲ್ಲಿ ಇದ್ದರು.

1962ರ ಸೆಪ್ಟೆಂಬರ್ 22. ಈಶಾನ್ಯ ಗಡಿಯ ಥಗ್ಲಾ ಬೆಟ್ಟದ ಕೆಳಗೆ ಚೀನಿಯರು ಬಂದು ಕೂತಿದ್ದಾರೆ. ನೆಹರೂ ಲಂಡನ್‌ನಲ್ಲಿ, ಮೆನನ್ ನ್ಯೂಯಾರ್ಕ್‌ನಲ್ಲಿ. ದಿಲ್ಲಿಯಲ್ಲಿ ಉಪಮಂತ್ರಿ ರಘುರಾಮಯ್ಯ ಅಧ್ಯಕ್ಷತೆಯಲ್ಲಿ ಸಭೆ. ಚೀನಿಯರನ್ನು ಓಡಿಸಿ ಅನ್ನೋ ತೀರ್ಮಾನ. ಇದರಿಂದ ಲಡಾಖ್ ಕಡೆ ಚೀನಾ ತಿರುಗಿ ಬೀಳಬಹುದು ಅಂತ ಥಾಪರ್ ಎಚ್ಚರಿಸಿದರು. ಕೇಳಲಿಲ್ಲ. ಕೊನೆಗೆ, ಹಾಗಾದರೆ ಲಿಖಿತವಾಗಿ ಕೊಡಿ ಅಂದರು. ಕೊಟ್ಟರು! ಸಹಿ ಯಾರದು? ಮಂತ್ರಿಯದಲ್ಲ, ಕಾರ್ಯದರ್ಶಿಯದೂ ಅಲ್ಲ. ಜಂಟಿ ಕಾರ್ಯದರ್ಶಿ ಎಚ್.ಸಿ. ಸರೀನ್ ಅವರದು. ಸಿದ್ಧರಾದ ಕೂಡಲೇ ಕಾಮೆಂಗ್ ಗಡಿಯಿಂದ ಚೀನಿಯರನ್ನು ಹೊರಹಾಕಬೇಕು ಅಂತ ಚಿಕ್ಕದೊಂದು ಚೀಟಿ. ಒಂದು ದೇಶ ಇನ್ನೊಂದು ದೇಶದ ಮೇಲೆ ಏರಿ ಹೋಗೋ ಆದೇಶಕ್ಕೆ ಜಂಟಿ ಕಾರ್ಯದರ್ಶಿಯ ಸಹಿ.

ಥಾಪರ್ ಆ ಚೀಟಿ ತೆಗೆದುಕೊಂಡು ಆದೇಶ ಕೆಳಗೆ ದಾಟಿಸಿದರು. ಕಾಗದ ಅವರ ಹತ್ತಿರ ಇತ್ತು. ನಾಮ್ಕಾ ಚು ಹೊಳೆ ದಂಡೆಯಲ್ಲಿ ಹತ್ತಿ ಬಟ್ಟೆ ಹಾಕಿಕೊಂಡು ನಿಂತಿದ್ದ ಹುಡುಗರಿಗೆ ಆ ಕಾಗದದಿಂದ ಏನು ಬಂತು? ಎಫ್‌ಡಿಎ ಅವರು ಬರೆಯಲ್ಲ ಅಂದರು, ಕಡತ ಅವರ ಟೇಬಲಿನಲ್ಲಾದರೂ ನಿಂತಿತು. ಥಾಪರ್ ಬರೆಸಿಕೊಂಡರು, ಕೆಲಸ ಮುಂದೆ ಹೋಯಿತು.

ಸುಬೇದಾರ್_ನಿವೃತ್ತ

ನಾಮ್ಕಾ ಚು ಹೆಸರು ಬಂತಲ್ಲ, ಅದಕ್ಕೆ ಹೇಳುತ್ತೇನೆ. ನಕ್ಷೆ ನೋಡಲು ಬರುವ ಯಾವ ಹವಾಲ್ದಾರನೂ ಅಲ್ಲಿ ಮೋರ್ಚಾ ಹಾಕಲ್ಲ. ಶತ್ರು ಗುಡ್ಡದ ಮೇಲೆ, ನಾವು ಹೊಳೆ ಪಕ್ಕ ತಗ್ಗಿನಲ್ಲಿ. ಸಾಮಾನು ವಿಮಾನದಿಂದ ಎಸೆಯಬೇಕು, ಅರ್ಧ ಕಮರಿಗೆ ಬೀಳುತ್ತಿತ್ತು. ಬ್ರಿಗೇಡಿಯರ್ ದಳ್ವಿ ಸಾಬ್ ಬೇಡ ಬೇಡ ಅಂತ ಮೇಲೆ ಹೇಳುತ್ತಲೇ ಇದ್ದರು. ಅವರ ಮೇಲಿನ ಕೋರ್ ಕಮಾಂಡರ್ ಉಮ್ರಾವ್ ಸಿಂಗ್ ಸಾಬ್ ಕೂಡ ಆಗಲ್ಲ ಅಂತ ಲೆಕ್ಕ ಸಮೇತ ತೋರಿಸಿದರು. ಅವರನ್ನು ಆ ಜವಾಬ್ದಾರಿಯಿಂದಲೇ ತೆಗೆದು, ಹೊಸದಾಗಿ ನಾಲ್ಕನೇ ಕೋರ್ ಅಂತ ಮಾಡಿ ಕೌಲ್ ಸಾಬ್‌ಗೆ ಕೊಟ್ಟರು. ಕೌಲ್ ಕಾಯಿಲೆ ಬಿದ್ದು ದಿಲ್ಲಿಗೆ ಹೋದರು, ಹಾಸಿಗೆಯಿಂದಲೇ ಹುಕುಂ. ಅಕ್ಟೋಬರ್ 20ರ ಬೆಳಗಿನ ಜಾವ ಚೀನಿಯರು ಬಂದರು. ಬ್ರಿಗೇಡ್ ಕೆಲವೇ ಗಂಟೆಯಲ್ಲಿ ಹೋಯಿತು. ದಳ್ವಿ ಸಾಬ್ 22ಕ್ಕೆ ಸೆರೆ ಸಿಕ್ಕರು.

"ಕೋಯಿ ಶಕ್?" ಅಂತ ಕೇಳಿ, ಶಕ್ ಹೇಳಿದವನನ್ನು ಎತ್ತಂಗಡಿ ಮಾಡಿದರೆ ಮುಂದಿನ ಸಲ ಯಾರು ಬಾಯಿ ಬಿಡುತ್ತಾರೆ?

ಮಡಿಕೇರಿ_ಮಂಜು

ಸುಬೇದಾರ್ ಸರ್, ಇದನ್ನು ಚಿಕ್ಕಪ್ಪನಿಗೆ ಓದಿ ಹೇಳಿದೆ. "ನೋಡು, ತಿಮ್ಮಯ್ಯ ಹೋಗಿ ಥಾಪರ್ ಬಂದಿದ್ದೇ ಕಾರಣ" ಅಂದರು. ಅವರು ಯಾವ ದಾರಿಯಲ್ಲಿ ಹೋದರೂ ಸನ್ನಿಸೈಡ್‌ಗೇ ಬಂದು ನಿಲ್ಲುತ್ತಾರೆ.

ಜೈ_ಮಾಣೆಕ್‌ಶಾ

ಎಲ್ಲರೂ ಅಳೋದೇ ಆಯಿತು. 1971ರ ಏಪ್ರಿಲ್ ನೆನಪಿಸಿಕೊಳ್ಳಿ. ಇಂದಿರಾ ಗಾಂಧಿ ಈಗಲೇ ಪೂರ್ವ ಪಾಕಿಸ್ತಾನಕ್ಕೆ ನುಗ್ಗಿ ಅಂದರು. ಮಾಣೆಕ್‌ಶಾ, ಆಗಲ್ಲ ಮೇಡಂ, ಮಳೆಗಾಲ ಬಂತು, ಹೊಳೆಗಳು ಸಮುದ್ರ ಆಗುತ್ತವೆ, ಈಗ ಹೋದರೆ ಸೋಲು ಖಂಡಿತ, ಬೇಕಾದರೆ ರಾಜೀನಾಮೆ ತಗೊಳ್ಳಿ ಅಂದರು. ಅವರು ಕೇಳಿದರು. ಡಿಸೆಂಬರ್ 16ಕ್ಕೆ ಢಾಕಾ. ಇದು ಗಂಡಸುತನ!

ತುಂಗೆಯ_ತೀರ

ಕಥೆ ಚೆನ್ನಾಗಿದೆ, ಆದರೆ ಇದು ಹೆಚ್ಚಾಗಿ ಮಾಣೆಕ್‌ಶಾ ಅವರೇ ಆಮೇಲೆ ಹೇಳಿಕೊಂಡು ಬಂದ ರೂಪ. ಏಪ್ರಿಲ್‌ನಲ್ಲಿ ಇಂದಿರಾ ಅವರಿಗೇ ಯುದ್ಧಕ್ಕೆ ಅಂಥ ಆತುರ ಇರಲಿಲ್ಲ ಅಂತ ಹೇಳುವ ಇತಿಹಾಸಕಾರರೂ ಇದ್ದಾರೆ. ಮತ್ತೆ "ಗಂಡಸುತನ" ಯಾಕೆ ಇಲ್ಲಿ? ಮಾತು ಕೇಳಿಸಿಕೊಂಡು ತಡೆದವರು ಹೆಂಗಸಲ್ವಾ?

ಜೈ_ಮಾಣೆಕ್‌ಶಾ

ಅಕ್ಕ, ಪಾಯಿಂಟ್ ನಿಮ್ಮದು. ಆದರೂ ಜನರಲ್ ನೇರ ಮಾತಾಡಿದ್ದರು ಅನ್ನೋದು ಸುಳ್ಳಾಗಲ್ಲ.

ಹೈಕಮಾಂಡ್_ಭಕ್ತ

ಸೈನ್ಯದ್ದು ಬಿಡಿ. ಕರ್ನಾಟಕದಲ್ಲಿ ಹೈಕಮಾಂಡ್ ಅಂದ ಮೇಲೆ ಯಾವ ಜನರಲ್ಲೂ ಲೆಕ್ಕಕ್ಕಿಲ್ಲ. 1990ರಲ್ಲಿ ರಾಜೀವ್ ಗಾಂಧಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ನಿಂತು, ಮುಖ್ಯಮಂತ್ರಿ ಬದಲಾಗುತ್ತಾರೆ ಅಂತ ಪತ್ರಕರ್ತರಿಗೆ ಹೇಳಿ ವಿಮಾನ ಹತ್ತಿದರು. ವೀರೇಂದ್ರ ಪಾಟೀಲರು ಕಾಯಿಲೆ ಮಲಗಿದ್ದರು. ಹಿಂದಿನ ವರ್ಷವಷ್ಟೇ ಪಕ್ಷಕ್ಕೆ ಭರ್ಜರಿ ಬಹುಮತ ತಂದುಕೊಟ್ಟವರು. ಶಾಸಕರಲ್ಲಿ ಎಷ್ಟು ಜನ ಎದ್ದು ನಿಂತರು ಹೇಳಿ?

ಗಾಂಧಿಬಜಾರ್_ಅಜ್ಜ

ಉಲ್ಟಾ ಆಗಿದ್ದೂ ಉಂಟಪ್ಪ. 1969ರಲ್ಲಿ ನಮ್ಮ ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರು. ರಾಷ್ಟ್ರಪತಿ ಚುನಾವಣೆಗೆ ಪಕ್ಷದ ಅಭ್ಯರ್ಥಿ ಸಂಜೀವ ರೆಡ್ಡಿ. ಇಂದಿರಾ ಗಾಂಧಿ ಆತ್ಮಸಾಕ್ಷಿಯಂತೆ ಮತ ಹಾಕಿ ಅಂದರು, ಗಿರಿ ಗೆದ್ದರು. ಶಿಸ್ತು ಮೀರಿದರು ಅಂತ ನವೆಂಬರ್ 12ಕ್ಕೆ ಪ್ರಧಾನಿಯನ್ನೇ ಪಕ್ಷದಿಂದ ಹೊರಹಾಕಿದರು ನಿಜಲಿಂಗಪ್ಪ! ಸಂಸದರು ಹೋಗಿದ್ದು ಯಾರ ಹಿಂದೆ? ಹೆಚ್ಚಿನವರು ಇಂದಿರಾ ಹಿಂದೆ. ಆತ್ಮಸಾಕ್ಷಿ ಅಂತ ಗೆದ್ದವರೇ ಆರು ವರ್ಷಕ್ಕೆ ಯಾರೂ ಬಾಯಿ ತೆಗೆಯಬೇಡಿ ಅಂದರು ನೋಡಿ.

ಹೈಕಮಾಂಡ್_ಭಕ್ತ

1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲಂತೂ ವಿಪ್ ಮೀರಿದರೆ ಸೀಟೇ ಹೋಗುತ್ತದೆ. ಮಾರಾಟ ತಡೆಯೋಕೆ ತಂದ ಕಾನೂನು ಬಾಯಿಗೂ ಬೀಗ ಹಾಕಿತು. ಮಾರಾಟವಾದರೂ ನಿಂತಿತಾ ಅಂದರೆ, 2019ರಲ್ಲಿ ನಮ್ಮಲ್ಲಿ 17 ಜನ ಅನರ್ಹರಾದರು, ಸುಪ್ರೀಂ ಕೋರ್ಟ್ ಅನರ್ಹತೆ ಎತ್ತಿಹಿಡಿದು ಚುನಾವಣೆಗೆ ನಿಲ್ಲಬಹುದು ಅಂತು, ಅವರಲ್ಲಿ ಹಲವರು ನಿಂತು ಗೆದ್ದು ಮಂತ್ರಿಗಳೂ ಆದರು.

ನಿರ್ವಾಹಕ

ಈಗಿನ ಪಕ್ಷಗಳ ಜಗಳ ಇಲ್ಲಿಗೆ ಸಾಕು. 2019ರ ಮೇಲೆ ಇನ್ನೊಂದು ಕಮೆಂಟ್ ಬಂದರೆ ತೆಗೆಯುತ್ತೇನೆ.

ಹೈಕಮಾಂಡ್_ಭಕ್ತ

ಆಯ್ತು ಸಾರ್, ಹೈಕಮಾಂಡ್ ಹೇಳಿದ ಮೇಲೆ ಮುಗೀತು 😄

ಮ್ಯೂನಿಕ್_ಮಾವಿನಕಾಯಿ

ಜರ್ಮನಿಯಲ್ಲಿ ಕೆಲಸಕ್ಕಿದ್ದೇನೆ, ಇಲ್ಲಿನ ಪದ್ಧತಿ ಹೇಳುತ್ತೇನೆ. ಇಲ್ಲಿನ ಸೈನಿಕರ ಕಾನೂನಿನ 11ನೇ ಸೆಕ್ಷನ್‌ನಲ್ಲೇ ಬರೆದಿದ್ದಾರೆ: ಮನುಷ್ಯನ ಘನತೆಗೆ ಧಕ್ಕೆ ತರುವ ಆದೇಶ ಪಾಲಿಸದಿದ್ದರೆ ಅದು ಅವಿಧೇಯತೆ ಅಲ್ಲ. ಅಪರಾಧ ಆಗುವಂಥ ಆದೇಶವನ್ನಂತೂ ಪಾಲಿಸಲೇಬಾರದು. ಹಿಟ್ಲರನನ್ನು ಕೊಲ್ಲಲು ಅವನ ಅಧಿಕಾರಿಗಳೇ 1944ರ ಜುಲೈ 20ಕ್ಕೆ ಬಾಂಬ್ ಇಟ್ಟರಲ್ಲ, ಅದೇ ದಿನ ಬರ್ಲಿನ್‌ನಲ್ಲಿ ಹೊಸ ಸೈನಿಕರು ಪ್ರಮಾಣ ಮಾಡುತ್ತಾರೆ. ಆಜ್ಞೆ ಮೀರಿದವರನ್ನು ನೆನೆಯುವ ದಿನವೇ ಆಜ್ಞೆ ಪಾಲಿಸುತ್ತೇನೆ ಅಂತ ಪ್ರಮಾಣ.

ಜೈ_ಮಾಣೆಕ್‌ಶಾ

ಅವರಿಗೆ ಗಡಿಯಲ್ಲಿ ಚೀನಾ ಇಲ್ಲ, ಪಾಕಿಸ್ತಾನ ಇಲ್ಲ. ಸಿಯಾಚಿನ್‌ನಲ್ಲಿ ಇದನ್ನೆಲ್ಲ ಓದುತ್ತಾ ಕೂರೋಕಾಗುತ್ತಾ?

ಸುಬೇದಾರ್_ನಿವೃತ್ತ

ತಮ್ಮಾ, ಸಿಯಾಚಿನ್‌ನಲ್ಲಿ ಯಾರೂ ಮನುಷ್ಯನ ಘನತೆಗೆ ಧಕ್ಕೆ ತರುವ ಹುಕುಂ ಕೊಡಲ್ಲ. ಅಲ್ಲಿ ಹುಕುಂ ಅಂದರೆ ಕೈಗವಸು ತೆಗೆಯಬೇಡ, ಹಗ್ಗ ಬಿಡಬೇಡ, ಸಾಕ್ಸ್ ಒಣಗಿಸು, ಇಷ್ಟೇ. ಗಡಿಯ ಕಷ್ಟ ತೋರಿಸಿ ಊರೊಳಗಿನ ಗುಂಡಿಗೆ ಸಮರ್ಥನೆ ಕೊಡಬೇಡಿ. ಎರಡೂ ಬೇರೆ ಕೆಲಸ.

ಕೊಡೆ_ಮರೆತವ

ಮೂಲ ಪ್ರಶ್ನೆಗೆ ಬರೋಣ. ರಾಜೀನಾಮೆ ಕೊಟ್ಟು ವಾಪಸ್ ತೆಗೆದುಕೊಳ್ಳದೇ ಇದ್ದವರು ಯಾರಾದರೂ ಇದ್ದಾರಾ? ಅದರಿಂದ ಏನಾದರೂ ಆಗಿದೆಯಾ?

ವಕೀಲಮ್ಮ

ಇದ್ದಾರೆ, ಅದೂ ನಮ್ಮವರೇ. ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆ. 1973ರಲ್ಲಿ ಹಿರಿಯರಾದ ಶೆಲಟ್, ಹೆಗ್ಡೆ, ಗ್ರೋವರ್ ಮೂವರನ್ನೂ ಬಿಟ್ಟು ಅವರಿಗಿಂತ ಕಿರಿಯರಾದ ಎ.ಎನ್. ರೇ ಅವರನ್ನು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮಾಡಿದರು. ಸರ್ಕಾರದ ವಿರುದ್ಧ ತೀರ್ಪು ಬರೆದಿದ್ದಕ್ಕೆ ಶಿಕ್ಷೆ ಅಂತ ಎಲ್ಲರಿಗೂ ಅರ್ಥವಾಗಿತ್ತು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು.

ಏನಾದರೂ ಆಯಿತಾ ಅಂದರೆ, ತಕ್ಷಣಕ್ಕೆ ಏನೂ ಇಲ್ಲ. 1976ರಲ್ಲಿ ಬಂಧಿತರ ಹಕ್ಕಿನ ಪರವಾಗಿ ಒಬ್ಬರೇ ಭಿನ್ನ ತೀರ್ಪು ಬರೆದ ಎಚ್.ಆರ್. ಖನ್ನಾ ಅವರಿಗೂ ಹಾಗೇ ಮಾಡಿದರು, ಅವರೂ ಬಿಟ್ಟು ಹೋದರು. ಆದರೆ ಆಮೇಲೆ ಅಂಥ ಸೂಪರ್‌ಸೆಷನ್, ಅಂದರೆ ಹಿರಿಯರನ್ನು ದಾಟಿ ಕಿರಿಯರಿಗೆ ಆ ಹುದ್ದೆ ಕೊಡೋದು, ಮಾಡೋಕೆ ಯಾವ ಸರ್ಕಾರವೂ ಕೈ ಹಾಕಲಿಲ್ಲ.

ಹಳೇಪೇಪರ್

ಒಪ್ಪಿದೆ, ಆದರೆ ನ್ಯಾಯಾಧೀಶರು ಒಟ್ಟಾಗಿ ಎದ್ದು ಹೋದರೆ ಪತ್ರಿಕೆಯಲ್ಲಿ ಸಂಪಾದಕೀಯ ಬರುತ್ತದೆ. ಮೂವರು ಜನರಲ್‌ಗಳು ಒಟ್ಟಾಗಿ ಎದ್ದು ಹೋದರೆ ಆ ರಾತ್ರಿ ಪ್ರಧಾನಿ ಮನೆಯಲ್ಲಿ ಯಾರೂ ನಿದ್ದೆ ಮಾಡಲ್ಲ. ತಿಮ್ಮಯ್ಯನವರಿಗೆ ಇದು ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ನನ್ನ ಪ್ರಕಾರ ಅವರು ತಪ್ಪಿದ್ದು ವಾಪಸ್ ತೆಗೆದುಕೊಂಡಿದ್ದರಲ್ಲಿ ಅಲ್ಲ, ಏನೂ ಬರೆಸಿಕೊಳ್ಳದೇ ವಾಪಸ್ ತೆಗೆದುಕೊಂಡಿದ್ದರಲ್ಲಿ. ಬಡ್ತಿ ಬಗ್ಗೆ ಇಂಥ ಪದ್ಧತಿ ಇರುತ್ತದೆ ಅಂತ ಒಂದು ಸಾಲು ಪಡೆದಿದ್ದರೆ ಸಾಕಿತ್ತು.

ಬಾಳೆಕಾಯಿ_ಬಜ್ಜಿ

ಈಗಷ್ಟೇ ಥಾಪರ್ ಕಾಗದ ಕೆಲಸಕ್ಕೆ ಬರಲಿಲ್ಲ ಅಂದಿರಿ, ಈಗ ಕಾಗದ ಬೇಕಿತ್ತು ಅಂತೀರಿ. ಯಾವುದು ನಿಜ?

ಹಳೇಪೇಪರ್

ಎರಡೂ. ಥಾಪರ್ ತಮ್ಮ ತಲೆ ಉಳಿಸಿಕೊಳ್ಳೋಕೆ ಬರೆಸಿಕೊಂಡರು. ತಿಮ್ಮಯ್ಯ ಬರೆಸಿಕೊಂಡಿದ್ದರೆ ಅದು ಮುಂದಿನವರಿಗೆ ಆಗುತ್ತಿತ್ತು.

ಮಡಿಕೇರಿ_ಮಂಜು

ಚಿಕ್ಕಪ್ಪ ಇದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆ ನಡೆಸುವಾಗಲೇ ತೀರಿಕೊಂಡರು, ಆ ದೇಶ ಅಂಚೆ ಚೀಟಿ ತಂತು, ಗೊತ್ತಾ?" ಅಂದರು. ವಿಷಯ ಬದಲಾಯಿಸಿದರು ಅಂದರೆ ಅರ್ಧ ಒಪ್ಪಿದ ಹಾಗೆ.

ಎಫ್‌ಡಿಎ_ಅನಾಮಿಕ

ವಕೀಲಮ್ಮ ಮೇಡಂ, ಒಂದು ಪ್ರಶ್ನೆ. ಈಗ ಟಿಪ್ಪಣಿ ಹಾಳೆ ಎಲ್ಲ ಕಡಿಮೆ, ಎಲ್ಲಾ ಇ-ಆಫೀಸ್. ಆದರೆ ಹೇಳೋದು ಮಾತ್ರ ವಾಟ್ಸಾಪ್‌ನಲ್ಲಿ. "ಪ್ಲೀಸ್ ಡೂ ದ ನೀಡ್‌ಫುಲ್" ಅಂತ ಬರುತ್ತದೆ, ಜೊತೆಗೆ ಸರ್ವೆ ನಂಬರಿನ ಫೋಟೋ. ಇದು ಲಿಖಿತ ಆದೇಶ ಆಗುತ್ತಾ?

ವಕೀಲಮ್ಮ

ಅದನ್ನೇ ಉಲ್ಲೇಖಿಸಿ ಇ-ಆಫೀಸ್ ಟಿಪ್ಪಣಿಯಲ್ಲಿ ಬರೆಯಿರಿ, ಇಂಥ ದಿನಾಂಕ, ಇಷ್ಟು ಗಂಟೆಗೆ ಬಂದ ಸಂದೇಶದಂತೆ ಅಂತ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಫೋನ್ ಬದಲಾಯಿಸಬೇಡಿ.

ಎಫ್‌ಡಿಎ_ಅನಾಮಿಕ

ಸ್ಕ್ರೀನ್‌ಶಾಟ್ ತೆಗೆಯೋಕೆ ಈಗ ಹೋದೆ ಮೇಡಂ. "ದಿಸ್ ಮೆಸೇಜ್ ವಾಸ್ ಡಿಲೀಟೆಡ್" ಅಂತ ಇದೆ.